ಅಕ್ಕ ಒತ್ತಿಟ್ಟ ಕಾವಲಿನ ಹೂಗಳು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅಕ್ಕ. ಸಸ್ಯಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು, ಒಂದು ವರ್ಷ ಮುಗಿದಿತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿದ್ದಿರಬೇಕು, ನನಗಾಗ ಹತ್ತು. ಆ ಬೇಸಿಗೆ ಭರಣಿ ಮಳೆ ಚೆನ್ನಾಗಿ ಹೊಯ್ದಿತ್ತು. ಅದಾದ ಒಂದು ವಾರಕ್ಕೆ ಅಕ್ಕನ ಲೆಕ್ಚರರ್ ಮೇಡಂ ಮೂವರು ವಿದ್ಯಾರ್ಥಿನಿಯರನ್ನು ಬನ್ನಿಮಂಟಪದ ಆಚೆ ಇದ್ದ ಕಾವಲಿಗೆ, ದನ ಮೇಯುವ ಹುಲ್ಲು ಬಯಲಿಗೆ, ಹೂ ನೋಡಲು ಕರೆದುಕೊಂಡು ಹೊರಟರು. ಅಜ್ಜಿ ನನ್ನನ್ನೂ ಅಕ್ಕನ ಜೊತೆಗೆ ಕಳಿಸಿದರು.

ಹಿಂದಿನ ವಾರವಷ್ಟೇ ಅಕ್ಕನಿಗೆ ಗಂಡು ಗೊತ್ತಾಗಿತ್ತು. ಹುಡುಗಿ ಇನ್ನು ಓದುವುದು ಬೇಡ ಎಂದು ಅವರ ಕಡೆಯವರು ಹೇಳಿದ್ದರು, ಅಪ್ಪ ಒಪ್ಪಿಕೊಂಡಿದ್ದರು. ಅಕ್ಕ ಇದನ್ನು ಮೇಡಂಗೆ ಹೇಳಿರಲಿಲ್ಲ.

ದೂರದಿಂದ ಕಾವಲಿನಲ್ಲಿ ಬರೀ ಹುಲ್ಲು ಕಾಣುತ್ತಿತ್ತು. ಕೂತು ನೋಡಿದ ಮೇಲೆ ಗೊತ್ತಾಯಿತು, ಕಾಲಿಡಲು ಜಾಗವಿಲ್ಲದಷ್ಟು ಹೂ. ಅಂಗಿ ಗುಂಡಿಗಿಂತ ಚಿಕ್ಕದಾದ ನೀಲಿ ವಿಷ್ಣುಕ್ರಾಂತಿ, ಹಳದಿ ನೆಗ್ಗಿಲು, ಹೆಸರೇ ಗೊತ್ತಿಲ್ಲದ ಎಷ್ಟೋ. ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿನಲ್ಲೇ ಮಂಡಿಯೂರಿದರು. ಸ್ವಲ್ಪ ದೂರದಲ್ಲಿದ್ದ ಅಕ್ಕ ಕೂಗಿದಳು. ಎಲೆಯೇ ಇಲ್ಲದೆ ನೆಲದಿಂದ ನೆಟ್ಟಗೆ ಎದ್ದ ದಂಟು, ಅದರ ತುದಿಯಲ್ಲಿ ನಸುಗೆಂಪು ಹೂಗಳು.

ಮೇಡಂ ಓಡಿ ಬಂದರು. "ಅಯ್ಯೋ, ನಾನು ಎಷ್ಟು ವರ್ಷದಿಂದ ಇದನ್ನ ಹುಡುಕ್ತಿದ್ದೀನಿ ಗೊತ್ತೇನಮ್ಮ! ಇದು ನೆಲದಲ್ಲಿ ಬೆಳೆಯೋ ಆರ್ಕಿಡ್. ಎಲೆ ಆಮೇಲೆ ಬರುತ್ತೆ. ಜೋಪಾನವಾಗಿ ಹಾಳೆ ನಡುವೆ ಒತ್ತಿಡು. ಜೂನ್‌ನಲ್ಲಿ ಕಾಲೇಜು ತೆಗೆದ ತಕ್ಷಣ ಇಬ್ಬರೂ ಕೂತು ನೋಡೋಣ."

"ಆಗಲಿ ಮೇಡಂ" ಎಂದಳು ಅಕ್ಕ.

ನನಗೆ ಸುಮ್ಮನಿರಲಾಗಲಿಲ್ಲ. "ಅಕ್ಕ ಜೂನ್‌ನಲ್ಲಿ ಬರಲ್ಲ. ಅವಳಿಗೆ ಮದುವೆ" ಅಂದುಬಿಟ್ಟೆ.

ಮೇಡಂ ಅಕ್ಕನ ಮುಖ ನೋಡಿದರು. ಅಕ್ಕ ಕಿತ್ತ ದಂಟಿನ ಬೇರಿಗೆ ಅಂಟಿದ್ದ ಮಣ್ಣನ್ನು ಬಿಡಿಸುತ್ತಲೇ ಇದ್ದಳು.

ಮರುದಿನ ಸಂಜೆ ಮೇಡಂ ನಮ್ಮ ಮನೆಗೆ ಬಂದರು. ಅಪ್ಪ ಎದ್ದು ನಿಂತು ಕುರ್ಚಿ ಕೊಟ್ಟರು, ಅಮ್ಮ ಕಾಫಿ ತಂದರು. "ಇನ್ನೆರಡು ವರ್ಷ ಓದಿಸಿ. ಇಂಥ ಕಣ್ಣು ಎಲ್ಲರಿಗೂ ಇರಲ್ಲ" ಎಂದು ಮೇಡಂ ಕೇಳಿಕೊಂಡರು.

"ನೀವು ಹೇಳೋದು ಸರಿಯಾಗೇ ಇದೆ ಕಣ್ರೀ" ಎಂದರು ಅಪ್ಪ. "ಆದ್ರೆ ಮಾತು ಕೊಟ್ಬುಟ್ಟಿದ್ದೀನಿ. ಇವಳ ಹಿಂದೆ ಇನ್ನೊಬ್ಬಳಿದ್ದಾಳೆ."

ಆ ಇನ್ನೊಬ್ಬಳು ನಾನು. ಬಾಗಿಲ ಹಿಂದೆ ನಿಂತಿದ್ದೆ. ಮೇಡಂ ಹೋದ ಮೇಲೆ ಅಜ್ಜಿ, "ತನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಊರಿನ ಹೆಣ್ಣುಮಕ್ಕಳ ಮದುವೆ ತಪ್ಪಿಸೋಕೆ ಬಂದ್ಬುಟ್ಲು" ಎಂದರು. ಒಳಗೆ ಅಕ್ಕನಿಗೂ ಅದು ಕೇಳಿಸಿತು.

ಅಷ್ಟಾದರೂ ಅಕ್ಕ ಹೂಗಳನ್ನು ಬಿಡಲಿಲ್ಲ. ಹಳೆಯ ಪತ್ರಿಕೆಗಳ ನಡುವೆ ಒತ್ತಿ, ಮೇಲೆ ಟ್ರಂಕು ಹೇರಿ, ದಿನಾ ತಪ್ಪದೆ ಹಾಳೆ ಬದಲಾಯಿಸುತ್ತಿದ್ದಳು. ಮದುವೆಯ ನಂತರ ಕಟ್ಟನ್ನು ಮೇಡಂಗೆ ತಲುಪಿಸಬೇಕು ಎಂದು ನನಗೆ ಹೇಳಿಟ್ಟಿದ್ದಳು.

ಎಣ್ಣೆ ನೀರಿನ ಶಾಸ್ತ್ರದ ದಿನ ಬೆಳಿಗ್ಗೆ ನೆಂಟರಿಂದ ಮನೆ ತುಂಬಿಹೋಗಿತ್ತು. ಸೌದೆ ಹಸಿಯಾಗಿದ್ದರಿಂದ ಹಂಡೆಯ ಒಲೆ ಹತ್ತುತ್ತಿರಲಿಲ್ಲ. ನಾನು ಬಚ್ಚಲಿಗೆ ಹೋಗುವ ಹೊತ್ತಿಗೆ ಅಜ್ಜಿ ಅಕ್ಕನ ಕಟ್ಟಿನ ಕೊನೆಯ ಪತ್ರಿಕೆಯನ್ನು ಒಲೆಗೆ ತುರುಕುತ್ತಿದ್ದರು. ಒಣಗಿದ ದಂಟೊಂದು ಚಟಚಟ ಉರಿಯಿತು. ಅಜ್ಜಿಗೆ ಅದು ರದ್ದಿ, ಅಷ್ಟೇ, ಬೇಕೆಂದು ಮಾಡಿದ್ದಲ್ಲ. ಅದಕ್ಕೇ ಜಗಳವಾಡಲೂ ಯಾರೂ ಸಿಗಲಿಲ್ಲ.

ಅಕ್ಕ ಮೈಗೆಲ್ಲ ಅರಿಸಿನ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದಳು. ನಾನು ಅಳುತ್ತ ಕಿವಿಯಲ್ಲಿ ಹೇಳಿದೆ.

"ಹೋಗ್ಲಿ ಬುಡು" ಎಂದಳು. "ಅಮ್ಮನಿಗೆ ಹೇಳ್ಬೇಡ ಕಣೇ. ಇವತ್ತು ಬೇಡ."

ಆಮೇಲೆ ಅದೇ ಒಲೆಯಲ್ಲಿ ಕಾದ ನೀರು ಹೊಯ್ದುಕೊಂಡಳು. ಮೇಡಂ ಮದುವೆಗೆ ಬಂದು, ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೊರಟರು. ಹೂವಿನ ಕಟ್ಟಿನ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕ ಗಂಡನ ಊರಿನಿಂದ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಅತ್ತೆಯ ಮಂಡಿನೋವು, ಮಗುವಿನ ಜ್ವರ, ಇಲ್ಲಿ ಎಲ್ಲರೂ ಕ್ಷೇಮ. ತನ್ನ ಬಗ್ಗೆ ಒಂದು ಸಾಲೂ ಇರುತ್ತಿರಲಿಲ್ಲ.

ಏಳು ವರ್ಷದ ಬಳಿಕ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಅಪ್ಪ ಪೇಪರು ಮಡಚಿಟ್ಟು, "ಮುಂದಕ್ಕೆ ಏನಮ್ಮ ಮಾಡ್ತೀಯ?" ಎಂದು ಕೇಳಿದರು. ಅವರ ದನಿ ಮೆತ್ತಗಾಗಿತ್ತು. ಕಾಲೇಜು ಎಂದಿದ್ದರೆ ಬಹುಶಃ ಕಳಿಸುತ್ತಿದ್ದರು.

"ನೀವು ಹೇಳಿದಂಗೆ ಅಪ್ಪ" ಎಂದೆ, ಅಂದು ಮಣೆಯ ಮೇಲೆ ಕೂತ ಅಕ್ಕ ಮಾತಾಡಿದ ದನಿಯಲ್ಲೇ.