ಗೋಡೆ ತಟ್ಟುತ್ತಿದ್ದ ಬಸಲಿಂಗಪ್ಪ ಮಾಸ್ತರರು

ಬಸಲಿಂಗಪ್ಪ ಮಾಸ್ತರರು ಯಾರ ಮನೆಗೆ ಹೋದರೂ ಮೊದಲು ಬೆರಳಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಿದ್ದರು. ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲೂ ತಟ್ಟಿದರು. ಟೊಳ್ಳು ಸದ್ದು ಬಂತು. "ಇದು ಗ್ವಾಡಿ ಅಲ್ರೀ ರಾಯರ, ರಟ್ಟು" ಎಂದು ತೀರ್ಪು ಕೊಟ್ಟು ಕುಳಿತರು. ಹಳೆಯ ಪೇಟೆಯ ಗ್ರಾನೈಟ್ ಕಟ್ಟಡಗಳನ್ನು ಮಾತ್ರ ಎತ್ತಿನ ಬೆನ್ನು ಸವರಿದಂತೆ ಸವರುತ್ತಿದ್ದರು.

ಅದು ತೊಂಬತ್ತರ ದಶಕದ ನಡುಭಾಗ. ಅವರು ಬಾಗಲಕೋಟೆಯ ನಿವೃತ್ತ ಇತಿಹಾಸ ಶಿಕ್ಷಕರು, ವೈದ್ಯೆಯಾದ ಮಗಳ ಮನೆಗೆ ಬಂದಿದ್ದವರು. ನಾನು ಮೈಸೂರಿನ ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರು, ಮಗನೊಂದಿಗೆ ಇಲ್ಲೇ ನೆಲೆಸಿದವನು. ಅಮೆರಿಕಕ್ಕೆ ಬರುವಾಗ ಅವರು ಇಂಗ್ಲೆಂಡಿನಲ್ಲಿ ನೆಂಟರ ಮನೆಯಲ್ಲಿ ತಂಗಿ, ಅಲ್ಲಿಯ ಪಾಳುಕೋಟೆಯೊಂದನ್ನು ಹೆಜ್ಜೆಯಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಗೋಪುರದ ಗೋಡೆ ಹನ್ನೆರಡು ಅಡಿ ದಪ್ಪವೆಂದಾಗ, ಅಷ್ಟು ಕಲ್ಲು ದುಂದು ಎಂದೆ. "ಪಿಡಬ್ಲ್ಯುಡಿಯವರಿಗೆ ದಪ್ಪ ಗ್ವಾಡಿ ಎಲ್ಲಿ ಗೊತ್ತಿರತೈತ್ರೀ?" ಎಂದುಬಿಟ್ಟರು. ಆಗ ನಮ್ಮ ಹಜಾರದಲ್ಲಿ ಹನ್ನೊಂದು ಮಂದಿ ಇದ್ದರು. ಹನ್ನೊಂದೂ ಮಂದಿ ನಕ್ಕರು. ಯಾರ್ಯಾರೆಂದು ಇಂದಿಗೂ ಹೆಸರು ಹಿಡಿದು ಹೇಳಬಲ್ಲೆ.

ಆ ದಸರೆಗೆ ನಮ್ಮ ಮನೆಯ ಗೊಂಬೆಗಳ ಜೊತೆ ಇಡಲೆಂದು ಅವರು ಎರಡು ತಿಂಗಳು ಕೂತು, ಸೀರಿಯಲ್ ಡಬ್ಬಿಗಳ ರಟ್ಟಿನಿಂದ ಆ ಕೋಟೆಯನ್ನು ಕಟ್ಟಿದರು. ಸುತ್ತ ಕಂದಕ, ಎತ್ತುವ ಸೇತುವೆ, ಬಾಣ ಬಿಡುವ ಸೀಳುಕಿಂಡಿಗಳು, ನಡುವೆ ಚೌಕ ಗೋಪುರ. ಗೋಪುರದ ಒಂದು ಮಗ್ಗುಲು ಮಾತ್ರ ಪೂರ್ತಿ ಬಾಯ್ದೆರೆದಿತ್ತು. ಬೆಳಿಗ್ಗೆ ತಂದಿಟ್ಟು ಮನೆಗೆ ಹೋದರು. "ಹಬ್ಬದ ದಿನ ಪಾಳುಮನೆ ಇಡೋದೇನ್ರೀ, ಪಟ್ಟದ ಗೊಂಬೆ ಪಕ್ಕದಲ್ಲಿ?" ಎಂದು ನನ್ನ ಹೆಂಡತಿ ಹಿಂಜರಿದಳು. ನಾನು ದಾರಕ್ಕೆ ಗುಂಡು ಕಟ್ಟಿ ನೇರ ನೋಡಿ, ರಟ್ಟು ಕತ್ತರಿಸಿ, ಆ ತೆರೆದ ಮಗ್ಗುಲನ್ನು ಮುಚ್ಚಿ ಬಣ್ಣ ಬಳಿದೆ. ಹೊಸತಾವುದು ಹಳತಾವುದು ತಿಳಿಯದಂತಿತ್ತು.

ಸಂಜೆ, ಗೊಂಬೆ ನೋಡಲು ಮಕ್ಕಳೆಲ್ಲ ಸೇರಿದ್ದಾಗ, ಬಂದು ನೋಡಿದ ಮಾಸ್ತರರ ಮುಖ ಬಾಡಿಹೋಯಿತು.

"ಮುಚ್ಚೇಬಿಟ್ರಲ್ರೀ ರಾಯರ! ರಾಜನ ವೈರಿಗಳು ಮದ್ದಿಟ್ಟು ಈ ಮಗ್ಗಲಾ ಹಾರಿಸಿದ್ರು, ಮತ್ತ್ಯಾರೂ ಇಲ್ಲಿ ದಂಡು ಇಡಬಾರದಂತ. ಊರ ಮಂದಿ ಬಿದ್ದ ಕಲ್ಲು ಹೊತ್ತು ದನದ ಕೊಟ್ಟಿಗಿ ಕಟ್ಟಿಕೊಂಡ್ರು. ಗ್ವಾಡಿ ಬಿದ್ದದ್ದಕ್ಕಽ ಒಳಗಿಂದು ಕಾಣತೈತಿ. ಎರಡ ತಿಂಗಳ ಕೂತೇನಿ, ಹುಡುಗರಿಗೆ ಈಗ ಏನ ತೋರಿಸ್ಲಿ?"

ನನ್ನ ಏಳು ವರ್ಷದ ಮೊಮ್ಮಗಳು ಅನಘಾ ಕೇಳಿದಳು: "ತಾತ, ಕ್ಯಾನ್ ವಿ ಬ್ಲೋ ಇಟ್ ಅಪ್?"

ಮಾಸ್ತರರ ಕಣ್ಣು ಅರಳಿತು. "ಶಾಬಾಸ್! ರಾಯರ, ನೀವಽ ಮುಚ್ಚೀರಿ, ನೀವಽ ಹಾರಿಸ್ರಿ!"

ಮಕ್ಕಳು ಒಕ್ಕೊರಲಿನಿಂದ "ಬೂಮ್!" ಎಂದು ಕಿರುಚಿದಾಗ ನನ್ನ ಅಚ್ಚುಕಟ್ಟಾದ ದುರಸ್ತಿಯನ್ನು ನಾನೇ ಕಿತ್ತೆಸೆದೆ. ಒಳಗೆ, ಅಂತಸ್ತುಗಳ ನೆಲವೆಲ್ಲ ಉದುರಿಹೋದ ಗೋಡೆಯಲ್ಲಿ ಚಳಿ ಕಾಯಿಸುವ ಬೆಂಕಿಗೂಡುಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಹಿಂದೆ ತೊಲೆ ಕೂಡಿಸಿದ್ದ ತೂತುಗಳು ಸಾಲಾಗಿದ್ದವು. "ಅಲ್ಲಿ ಫೈರ್ ಹತ್ರ ಕೂತ್ಕೊಂಡ್ರೆ ಫಾಲ್ ಆಗ್ತಾರೆ!" ಎಂದು ಅನಘಾ ಬಿದ್ದು ಬಿದ್ದು ನಕ್ಕಳು. ಕಡಲೆ ಉಸಲಿ ಆರಿಹೋದರೂ ಯಾರೂ ತಟ್ಟೆ ಮುಟ್ಟಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ಕೋಟೆಯನ್ನು ಎತ್ತಿ ಪಟ್ಟದ ಗೊಂಬೆಯ ಪಕ್ಕದಲ್ಲಿಟ್ಟಳು.

ಮರುವಾರ ಅವರು ಊರಿಗೆ ಹೊರಟರು. ಅವರ ಮಗಳ ಮನೆಯ ಬಾಗಿಲಲ್ಲಿ ನಾವಿಬ್ಬರೇ ಇದ್ದೆವು. ಮಾಸ್ತರರು ಬೆರಳಗೆಣ್ಣಿನಿಂದ ನನ್ನ ಎದೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿದರು. "ರಟ್ಟಲ್ರೀ. ಪಿಡಬ್ಲ್ಯುಡಿ ಗ್ವಾಡಿ. ಹನ್ನೆರಡ ಫೂಟ ದಪ್ಪ ಐತಿ."

ಅವರು ಮತ್ತೆ ಬರಲಿಲ್ಲ. ಎರಡು ವರ್ಷಗಳ ಮೇಲೆ ತೀರಿಕೊಂಡರೆಂದು ಮಗಳು ತಿಳಿಸಿದರು. ಕೋಟೆ ಪ್ರತಿ ದಸರೆಗೂ ಬಾಯ್ದೆರೆದುಕೊಂಡೇ ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಹನ್ನೊಂದು ಮಂದಿಯ ಎದುರು ಆಡಿದ ಮಾತನ್ನು ಯಾರೂ ಇಲ್ಲದಾಗ ಹಿಂತೆಗೆದುಕೊಂಡದ್ದು ಮಾಸ್ತರರಿಗೆ ಒಪ್ಪುವ ನ್ಯಾಯವಲ್ಲ. ಆ ಹನ್ನೊಂದು ಮಂದಿಯೂ ಓದಲೆಂದೇ ಇದನ್ನು ಅಚ್ಚಿಗೆ ಕೊಟ್ಟಿದ್ದೇನೆ.