ತಂಗಿಯ ಮುಖ ಒರೆಸುವ ಬಟ್ಟೆ

ಹೋದ ಚಳಿಗಾಲವೆಲ್ಲ ನನ್ನ ತಂಗಿಯ ಮುಖದ ಮೇಲೆ ಗುಳ್ಳೆ ಏಳುತ್ತಿದ್ದವು. ಕೆನ್ನೆ, ಗದ್ದ, ಹುಬ್ಬಿನ ಮೇಲೆ ಸಾಸಿವೆಯಷ್ಟು ಕೆಂಪು ಗುಳ್ಳೆಗಳು, ಕೆರೆದಷ್ಟೂ ತುರಿಕೆ. ನಾಲ್ಕು ದಿನ ಇಳಿದು ಮತ್ತೆ ಬರುತ್ತಿದ್ದವು. ನಮ್ಮೂರು ಅಸೂಟಿಯಲ್ಲಿ ಔಷಧಿ ಹೇಳುವವರಿಗೆ ಬರವಿಲ್ಲ. ಒಬ್ಬಳು ಬದನೆಕಾಯಿ ನಂಜು ಎಂದಳು, ಬಿಡಿಸಿದೆ. ಇನ್ನೊಬ್ಬಳು ಶೇಂಗಾ ಎಂದಳು, ಅದನ್ನೂ ಬಿಡಿಸಿದೆ. ಎದುರುಮನೆಯ ಅಜ್ಜಿ, "ಪಿತ್ತ ಎದ್ದೈತಿ, ಕಂಬಳಿಲೇ ತಿಕ್ಕು" ಎಂದಳು. ತಿಕ್ಕಿದ ಮೇಲೆ ಮುಖ ನೋಡುವಂತಿರಲಿಲ್ಲ.

"ಅಜ್ಜೀ, ಇನ್ನೇನೇನ ಉಳದೈತಿ ಒಮ್ಮೆಲೇ ಹೇಳಿಬಿಡು, ಮಾಡಿ ಮುಗಸ್ತೀನಿ" ಎಂದಳು ತಂಗಿ.

"ಉಪಾಸ ಕುಂದ್ರು" ಎಂದಳು ಅಜ್ಜಿ, ನಗದೆ.

ತಂಗಿ ರೋಣದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಪ್ರಪಂಚ ಆ ಒಲೆ. ಅವಳ ರೊಟ್ಟಿಗಾಗಿಯೇ ಬರುವ ಗಿರಾಕಿಗಳಿದ್ದರು.

ನನ್ನದು ನಾಲ್ಕನೆಯ ಇಯತ್ತೆಗೆ ಮುಗಿದ ಓದು. ನನಗೆ ಹೆಸರು ಬಂದದ್ದು ಕಡಲೆ ಹುಳಿಯಿಂದ. ಸಂಜೆ ಕಡಲೆ ಗಿಡಗಳ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಎಲೆಯ ಹುಳಿ ಇಬ್ಬನಿಯೊಡನೆ ಅದಕ್ಕೆ ಹತ್ತಿದ ಮೇಲೆ ಬೆಳಿಗ್ಗೆ ಹಿಂಡಿ ಬಾಟಲಿಗೆ ತುಂಬುತ್ತೇನೆ. ಹೊಟ್ಟೆನೋವಿಗೆಂದು ಗಜೇಂದ್ರಗಡದಿಂದಲೂ ಕೇಳಿಕೊಂಡು ಬರುತ್ತಾರೆ. ಆ ಬಟ್ಟೆಗೆ ಸಾಬೂನು ಮುಟ್ಟಿಸಬಾರದು, ಹಿಂಡಿ ಹಾಗೆಯೇ ಒಣಗಿಸಬೇಕು. ಹುಳಿಯ ಬಟ್ಟೆ ಹರಿದಾಗ ತಂಗಿ ಮುಖ ಒರೆಸುವ ಬಟ್ಟೆಯನ್ನು ಹೊಲಕ್ಕೆ ಒಯ್ದೆ. ಅಪ್ಪನ ಹಳೆಯ ಧೋತರದ ತುಂಡು ಅದು, ಮನೆಯಲ್ಲಿ ಅಷ್ಟು ಮೆತ್ತನೆಯದು ಬೇರೆ ಇರಲಿಲ್ಲ. ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದೆ. ಕೆಲಸದಿಂದ ಬಂದವಳು ಅದರಿಂದಲೇ ಒರೆಸಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಮನೆಯೆಲ್ಲ ಹುಳಿ ವಾಸನೆ, ಬಟ್ಟೆಯದು ಅವಳಿಗೆ ಬೇರೆಯಾಗಿ ಗೊತ್ತಾಗಲಿಲ್ಲ. ಕಡಲೆ ಹೊಲ ತುಳಿದರೆ ಕಾಲು ತುರಿಸುತ್ತದೆಂದು ಬಲ್ಲ ನನಗೂ ಹೊಳೆಯಲಿಲ್ಲ.

ಹೊಳೆದದ್ದು ನರಗುಂದದ ಚರ್ಮದ ಡಾಕ್ಟರರ ಮುಂದೆ. ಅಲರ್ಜಿ ಇರಬಹುದೆಂದು ಅವರು ಸಾಬೂನು, ಪೌಡರು, ಅರಿಷಿಣ ಎಂದು ಒಂದೊಂದೇ ಕೇಳುತ್ತ ಬಂದು, "ಮಾರಿ ಯಾವುದ್ರಲೇ ಒರಸ್ಕೊಂತಿ?" ಎಂದರು. ಹಗ್ಗದ ಮೇಲಿನ ಬಟ್ಟೆ ನನ್ನ ಕಣ್ಣ ಮುಂದೆ ಬಂತು. ತಂಗಿ ಬಾಯಿ ತೆರೆಯುವ ಮೊದಲೇ, "ಸ್ವಚ್ಛ ಬಟ್ಟಿರಿ, ಅಕಿ ಒಬ್ಬಾಕಿದ" ಎಂದೆ. ಹುಳಿಯಿಂದ ತಂಗಿಯ ಮುಖ ಕೆಟ್ಟಿತೆಂದು ತಿಳಿದರೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಹೆದರಿದೆ. ಹಾಗೆ ಹೇಳಿದ್ದಕ್ಕೆ ಈಗ ಬೇರೆ ಕಾರಣ ಕೊಟ್ಟರೆ ಅದೂ ಸುಳ್ಳಾಗುತ್ತದೆ.

"ಹಂಗಾರ ಜ್ವಾಳದ ಹಿಟ್ಟಿನ ಧೂಳ ಇರಬೇಕು. ಒಂದ ತಿಂಗಳ ಒಲಿ ಬಿಟ್ಟು ನೋಡು" ಎಂದರು ಡಾಕ್ಟರರು.

ತಂಗಿ ಒಲೆ ಬಿಟ್ಟಳು. ನಾನು ಗುಟ್ಟಾಗಿ ಬಟ್ಟೆಯನ್ನು ಸಾಬೂನು ಹಚ್ಚಿ ಒಗೆದು ಹಗ್ಗಕ್ಕೆ ಹಾಕಿದೆ, ಮತ್ತೆ ಹೊಲಕ್ಕೆ ಒಯ್ಯಲಿಲ್ಲ. ಗುಳ್ಳೆ ಇಳಿದವು, ಮತ್ತೆ ಬರಲಿಲ್ಲ. ಊರೆಲ್ಲ ಹಿಟ್ಟಿನದೇ ತಪ್ಪು ಎಂದಿತು. ಅವಳೂ ನಂಬಿದಳು. ಹಿಟ್ಟಿನ ಡಬ್ಬಿ ತೆರೆದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದಳು. ತಿಂಗಳು ಮುಗಿದ ಮೇಲೆ, "ಇನ್ನ ಈ ಜಲ್ಮದಾಗ ರೊಟ್ಟಿ ಬಡಿಯೋದು ಮುಗೀತಕ್ಕಾ" ಎಂದಾಗ ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆಂದು ಕಾದೆ. "ನಿನ್ನ ಮಾತು ಈಗರ ಖರೇ ಅಂತ ಹ್ಯಾಂಗ ನಂಬ್ಲಿ?" ಎಂದು ಎದ್ದು, ಡಬ್ಬಿಯಿಂದ ಹಿಟ್ಟು ತೆಗೆದು ಕಲಸಿ ಮುಖಕ್ಕೆಲ್ಲ ಮೆತ್ತಿಕೊಂಡು ಕಟ್ಟೆಯ ಮೇಲೆ ಕುಳಿತಳು. ಹಾದು ಹೋಗುವವರು ನಕ್ಕರೂ ಏಳಲಿಲ್ಲ. ಹಿಟ್ಟು ಒಣಗಿ ಬಿರಿಯಿತು. ತೊಳೆದಾಗ ಒಂದು ಗುಳ್ಳೆಯೂ ಇರಲಿಲ್ಲ, ಮರುದಿನವೂ ಏಳಲಿಲ್ಲ.

ಅದರಾಚೆಯ ದಿನ ಮೊದಲ ಬಸ್ಸಿಗೆ ರೋಣದ ಖಾನಾವಳಿಗೆ ಹೋದಳು. ಮಧ್ಯಾಹ್ನವೇ ತಿರುಗಿ ಬಂದಳು. ಏನಾಯಿತೆಂದು ಕೇಳಿದೆ.

"ನನ್ನ ಜಾಗಾದಾಗ ಬ್ಯಾರೇದಾಕಿ ಕುಂತಾಳ" ಎಂದಳು. "ಅಕಿ ರೊಟ್ಟಿ ಅಂಚಿಗೆ ಸೀಳತಾವು. ನೋಡಕೋಂತ ನಿಂತು ಬಂದೆ."