ತಪ್ಪು ಮಾಡದ ಮೆಷಿನ್

ಪ್ರಯೋಗಾಲಯದವರೆಲ್ಲ ಬೆನ್ನ ಹಿಂದೆ ಅಲ್ಲಿನ ಹಿರಿಯ ನೌಕರರೊಬ್ಬರನ್ನು ಮೆಷಿನ್ ಮಾವ ಎನ್ನುತ್ತಾರೆ. ಮೂಲೆಕೋಣೆಯ ಹಳೆಯ ಕಂಪ್ಯೂಟರಿಗೂ ಅವರಿಗೂ ಇಪ್ಪತ್ತು ವರ್ಷದ ನಂಟು. ಬಂದ ಕೂಡಲೇ ಅದರ ಬೆನ್ನು ತಟ್ಟುತ್ತಾರೆ, ಬಿಸಿಯೆನಿಸಿದರೆ ಫ್ಯಾನನ್ನು ತಮ್ಮಿಂದ ಅದರ ಕಡೆಗೆ ತಿರುಗಿಸುತ್ತಾರೆ, ಸೀನು ಬಂದರೆ ಹೊರಗೋಡಿ ಸೀನುತ್ತಾರೆ. ನದಿಯ ನೆರೆಯನ್ನು ಮುಂಚಿತವಾಗಿ ಲೆಕ್ಕಹಾಕುವ ಅದರ ಪ್ರೋಗ್ರಾಮನ್ನೂ ಮಳೆಯ ದಾಖಲೆಗಳನ್ನೂ ಬೇರೆ ಬೇರೆ ಊರುಗಳ ನೂರು ಕಂಪ್ಯೂಟರುಗಳಿಗೆ ಹಂಚಿ ಓಡಿಸಬೇಕೆಂದು ಆದೇಶ ಬಂದಮೇಲೆ ಅವರದು ದಿನಕ್ಕೊಂದು ನೆಪ, ಇವತ್ತು ಕೇಬಲ್ ಸಡಿಲವಾದರೆ ನಾಳೆ ಸೊಂಟನೋವು. "ನೂರು ಕೈಗೆ ಕೊಟ್ರೆ ಲೆಕ್ಕ ಕೆಡುತ್ತಮ್ಮ. ಇದು ಒಂದು ದಿನಾನೂ ತಪ್ಪು ಮಾಡಿಲ್ಲ," ಎಂದು ಹೊಸ ಇಂಜಿನಿಯರಮ್ಮನಿಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠವೇ ಆಗಿತ್ತು. ಕೊನೆಗೆ ಅವಳೇ ದಾಖಲೆಗಳನ್ನು ಹಂಚಲು ಕುಳಿತಳು. ಮಧ್ಯಾಹ್ನ ಬಂದು ಮೆಲ್ಲಗೆ ಕೇಳಿದಳು: "ಸರ್, ಒಂದು ವರ್ಷದ ಮಳೆಯ ಅಂಕಿ ಅದರ ಮರುವರ್ಷಕ್ಕೂ ಹಾಗೇ ಇದೆ, ಒಂದು ಹನಿ ಹೆಚ್ಚುಕಡಿಮೆ ಇಲ್ಲ. ಮೆಷಿನ್ನೇ ಏನೋ ಎಡವಟ್ಟು ಮಾಡಿರಬೇಕು, ಅಲ್ವಾ?" ಆ ಮರುವರ್ಷದ ಮಳೆ ಬರೆದಿಟ್ಟ ಪುಸ್ತಕ ಕಳೆದಾಗ, ಸಿಗುವವರೆಗೆ ಇರಲಿ ಎಂದು ಹಿಂದಿನ ವರ್ಷದ ಅಂಕಿಗಳನ್ನೇ ಮೆಷಿನ್ನಿಗೆ ತುಂಬಿದ್ದವರು ಅವರೇ; ಪುಸ್ತಕ ಸಿಗಲೇ ಇಲ್ಲ. "ಹೌದಮ್ಮ, ಮೆಷಿನ್ನೇ," ಎಂದರು. ಸಂಜೆ ಎಂದಿನಂತೆ ಅದರ ಬೆನ್ನು ತಟ್ಟಲು ಚಾಚಿದ ಕೈ ಅರ್ಧದಲ್ಲೇ ನಿಂತಿತು. ಫ್ಯಾನನ್ನು ಅದರ ಕಡೆಗೇ ಬಿಟ್ಟು, ಅದಕ್ಕೆ ಮುಖ ತೋರಿಸಲಾರದೆ ಹೊರಟುಹೋದರು.